ಎರಡು ಕೂಗು

ಮಾರ್ಚ್ 3, ಸೋಮವಾರ

ರೈಲ್ವೆ ಕಂಟ್ರೋಲ್ ರೂಮಿನಲ್ಲಿ ಬೆಳಿಗ್ಗೆ ಆರರ ಪಾಳಿ. ಹದಿನಾಲ್ಕು ಗಾಡಿ, ಒಂದೇ ಹಳಿ, ಆರು ರೇಡಿಯೊ ಚಾನೆಲ್. ಕುರ್ಚಿ ಬಿಸಿಯಾಗುವ ಮೊದಲೇ ಜಗಳ ಶುರು.

ಮೂರನೇ ಸ್ಟೇಷನ್ನಿನಲ್ಲಿ ಗೂಡ್ಸನ್ನು ಪಕ್ಕದ ಲೂಪ್ ಹಳಿಗೆ ಹಾಕಿ ಎಕ್ಸ್‌ಪ್ರೆಸ್ಸನ್ನು ಮುಂದೆ ಬಿಟ್ಟೆ. ಗೂಡ್ಸ್ ಡ್ರೈವರ್‌ಗೆ ಕೋಪ. "ಮೇಡಂ, ನಾನೇನು ಇಲ್ಲೇ ಬೇರು ಬಿಡ್ಬೇಕಾ?" ಬಿಡಿ, ನೀರು ನಾನು ಹಾಕ್ತೀನಿ ಎಂದೆ. ಮತ್ತೆ ಕರೆದ. ಮತ್ತೆ. ಹನ್ನೊಂದು ಸಲ. ಒಂದು ಮಾತಿಗೆ ಒಂದು ಚಾನೆಲ್ ಬೇಕು. ಅವನೊಬ್ಬ ಗೋಳಾಡಿದರೆ ಇಡೀ ಸೆಕ್ಷನ್ ಬಾಯಿ ಮುಚ್ಚಿಕೊಂಡು ಕಾಯಬೇಕು. ಪ್ಯಾನೆಲ್ ಮೇಲೆ ಕಾಯುವವರ ಪಟ್ಟಿ ಬೆಳೆಯುತ್ತಲೇ ಇತ್ತು — ಮೇಲೆ ಡ್ರೈವರ್‌ಗಳು, ಅವರ ಕೆಳಗೆ ಸ್ಟೇಷನ್ ಮಾಸ್ತರರು, ಎಲ್ಲರಿಗಿಂತ ಕೆಳಗೆ ಹಳಿ ರಿಪೇರಿಯವರು. ಚಾನೆಲ್ ಸಾಲದಿದ್ದರೆ ಹಳಿಯವರ ಮಾತನ್ನು ಅರ್ಧದಲ್ಲೇ ಕತ್ತರಿಸಿ ಮೇಲಿನವರಿಗೆ ಕೊಡುತ್ತದೆ ಯಂತ್ರ. ಪಾಪ, ಯಂತ್ರಕ್ಕೂ ದೊಡ್ಡವರು ಚಿಕ್ಕವರು ಗೊತ್ತು.

ಅದಕ್ಕೇ ಹಳಿಯವರದ್ದು ಕೂಗು. ಮೇಸ್ತ್ರಿ ರಿಂಗ್ ಕೊಟ್ಟು ಕಟ್ ಮಾಡುತ್ತಾನೆ, ನನ್ನ ಪ್ಯಾನೆಲ್ ಮೇಲೆ ಅವನ ಹೆಸರು ಒಮ್ಮೆ ಮಿನುಗುತ್ತದೆ. ಅದಕ್ಕೆ ಚಾನೆಲ್ಲೇ ಬೇಡ. ಒಂದು ಕೂಗು — ಕೆಲಸ ಮುಗೀತು, ಹಳಿ ಬಿಟ್ಟೆವು, ಗಾಡಿ ಬಿಡಿ. ಎರಡು ಕೂಗು — ಇನ್ನೂ ಹಳಿ ಮೇಲೇ ಇದ್ದೇವೆ, ತಡೀರಿ. ನಿಯಮದ ಪ್ರಕಾರ ಮೇಸ್ತ್ರಿ ಬಾಯಲ್ಲಿ ಹೇಳಬೇಕು, ನಾನು ಮರಳಿ ಹೇಳಬೇಕು, ಅವನು ಒಂದು ಗುಟ್ಟಿನ ನಂಬರ್ ಕೊಡಬೇಕು, ನಾನು ರಿಜಿಸ್ಟರಿನಲ್ಲಿ ಬರೆಯಬೇಕು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಇಲ್ಲಿ ಯಾರ ಹತ್ತಿರ ಇದೆ? ನಂಬರನ್ನು ನಾವೇ ತುಂಬಿಕೊಳ್ಳುತ್ತೇವೆ. ಈ ಕುರ್ಚಿಗೆ ಬಂದಾಗ ಹಳಬರು ನನಗೆ ಕಲಿಸಿದ ಮೊದಲ ವಿದ್ಯೆ ಇದು. ಹನ್ನೆರಡು ವರ್ಷ, ಒಂದು ಸಲವೂ ಕೈಕೊಟ್ಟಿಲ್ಲ.

ಸಂಜೆ ಮನೆಗೆ ಬಂದರೆ ಭಾವ ಜಗಲಿಯಲ್ಲಿ ಬೂಟು ಕಳಚುತ್ತಿದ್ದರು. ಅಕ್ಕನ ಗಂಡ, ನನ್ನದೇ ಸೆಕ್ಷನ್ನಿನ ಹಳಿ ಮೇಸ್ತ್ರಿ. ಅವರ ಕ್ವಾರ್ಟರ್ಸಿನ ಹಿಂದಿನ ಕೋಣೆಯಲ್ಲಿ ನಾನು. "ಏನ್ ಕಂಟ್ರೋಲಮ್ಮಾ, ಇವತ್ತು ನಮ್ಮನ್ನ ಬಿಸಿಲಲ್ಲಿ ಒಂದ್ ಗಂಟೆ ಒಣಗಿ ಹಾಕಿದ್ಯಲ್ಲ" ಎಂದರು. ಒಣಗಿದರೆ ತೂಕ ಕಮ್ಮಿಯಾಗುತ್ತೆ ಭಾವ ಎಂದೆ.

ಮಾರ್ಚ್ 5, ಬುಧವಾರ

ತಲೆ ಕೆಟ್ಟು ಒಂದು ನೋಟ್ ಬರೆದು ಚೀಫ್ ಕಂಟ್ರೋಲರ್ ಮೇಜಿನ ಮೇಲೆ ಇಟ್ಟೆ. ಒಂದೇ ಹ್ಯಾಂಡ್‌ಸೆಟ್‌ನಿಂದ ನಲವತ್ತು ಸೆಕೆಂಡಿನೊಳಗೆ ಎಷ್ಟು ಸಲ ಕರೆ ಬಂದರೂ ಅದನ್ನು ಒಂದೇ ಎಂದು ಎಣಿಸಬೇಕು, ಪಟ್ಟಿಯಲ್ಲಿ ಒಂದೇ ಸಲ ತೋರಿಸಬೇಕು. ಗೋಳುಬುರುಕರಿಗೆ ಮದ್ದು.

ಚೀಫ್ ಓದಿ, ಕನ್ನಡಕ ಹಣೆಗೇರಿಸಿ, "ಇದು ಇಷ್ಟು ವರ್ಷ ಯಾರ ತಲೆಗೂ ಹೊಳೀಲಿಲ್ವಲ್ಲ" ಎಂದರು. ರೇಡಿಯೊ ಇಂಜಿನಿಯರ್‌ನನ್ನು ಕರೆಸಿದರು. ಬಲು ಉತ್ಸಾಹದ ಮನುಷ್ಯ, ಮಾತಾಡುವಾಗ ಕೈಯಲ್ಲಿ ಗಾಳಿಯಲ್ಲೇ ಚಿತ್ರ ಬರೆಯುತ್ತಾನೆ. "ಮಾಡಬಹುದು ಮೇಡಂ, ಅರ್ಧ ದಿನದ ಕೆಲಸ. ಡ್ರೈವರ್‌ಗಳ ಸೆಟ್‌ಗೆ ಮಾತ್ರ ಹಾಕ್ಲಾ, ಎಲ್ಲದಕ್ಕೂ ಹಾಕ್ಲಾ?"

ಹಾಕೋದಾದ್ರೆ ಎಲ್ಲಕ್ಕೂ ಹಾಕಿ ಎಂದೆ.

ಮಾರ್ಚ್ 8, ಶನಿವಾರ

ರಜೆ. ಉದ್ದಣ್ಣ ಬಂದಿದ್ದ, ನಲ್ಲಿಗೆ ವಾಷರ್ ಹಾಕಲು. ಭಾವನ ಗುಂಪಿನವನು. ಇಪ್ಪತ್ತು ವರ್ಷದಿಂದ ಇಬ್ಬರೂ ಒಟ್ಟಿಗೆ ಹಳಿ ಎತ್ತಿದವರು. ಬಾಗಿಲಿಗೆ ತಲೆ ಬಡಿಸಿಕೊಂಡು "ಈ ಮನೆ ಕಟ್ಟಿದೋನು ನನ್ನ ಶತ್ರು" ಎಂದ, ಎಂದಿನಂತೆ. ಇವನ ಹೆಂಡತಿಗೂ ಅಕ್ಕನಿಗೂ ಗಳಸ್ಯಕಂಠಸ್ಯ. ಇಬ್ಬರೂ ಅಡುಗೆಮನೆ ಸೇರಿದರೆ ನಮಗೆ ಚಹಾ ಸಿಗುವುದು ಕಷ್ಟ.

ಮೇಜಿನ ಮೇಲೆ ನನ್ನ ಹಳೆಯ ಗಾಡಿ ಚಾರ್ಟ್ ಇತ್ತು — ಓರೆ ಗೆರೆಗಳು, ಒಂದು ಗೆರೆ ಒಂದು ಗಾಡಿ. ಉದ್ದಣ್ಣ ಬಗ್ಗಿ ನೋಡಿದ. "ಇದ್ರಲ್ಲಿ ನಮ್ ಗೆರೆ ಯಾವ್ದು ಮೇಡಂ?"

"ನಿಮಗೆ ಗೆರೆ ಇಲ್ಲ ಉದ್ದಣ್ಣ. ನಿಮಗೆ ಡಬ್ಬಿ." ಎರಡು ಗೆರೆಗಳ ನಡುವೆ ಪೆನ್ಸಿಲ್ಲಿನಲ್ಲಿ ಎಳೆದ ಚಿಕ್ಕ ಚೌಕ ತೋರಿಸಿದೆ. ಇಪ್ಪತ್ತೈದು ನಿಮಿಷದ್ದು.

"ಇಷ್ಟೇ ಡಬ್ಬೀಲಿ ನಾನು ಹಿಡಿಸ್ತೀನಾ?" ಎಂದ. ಭಾವ ಕೆಮ್ಮು ಬರುವವರೆಗೆ ನಕ್ಕರು.

ಬಾವುಟ ಹಿಡಿಯುವವನ ಜಾಗಕ್ಕೆ ಎರಡು ತಿಂಗಳಿಂದ ಆಳು ಬಂದಿಲ್ಲವಂತೆ. ಕೆಲಸ ನಡೆಯುವಾಗ ದೂರದಲ್ಲಿ ಕೆಂಪು ಬಾವುಟ ಹಿಡಿದು ಒಬ್ಬ ನಿಲ್ಲಬೇಕು. ನಿಲ್ಲಿಸಿದರೆ ಹಳಿ ಎತ್ತಲು ಒಬ್ಬ ಕಮ್ಮಿ. "ಕಂಟ್ರೋಲಮ್ಮ ಇರೋವಾಗ ಬಾವುಟ ಯಾಕೆ" ಎಂದರು ಭಾವ. ತಮಾಷೆಗೇ ಎಂದರು. ನನಗೂ ಹೆಮ್ಮೆಯಾಯಿತು.

ಮಾರ್ಚ್ 12, ಬುಧವಾರ

ಹೊಸ ನಿಯಮ ಇಂದಿನಿಂದ. ಪ್ಯಾನೆಲ್ ತಣ್ಣಗಿದೆ. ಗೂಡ್ಸ್ ಡ್ರೈವರ್ ಎಷ್ಟು ಬಡಿದುಕೊಂಡರೂ ಒಂದೇ ಸಲ ಮಿನುಗುತ್ತಾನೆ. ಮೊದಲ ವಾರದ ಲೆಕ್ಕ ತಂದುಕೊಡಿ ಎಂದು ಇಂಜಿನಿಯರ್‌ಗೆ ಹೇಳಿದೆ. ಸರ್ಕ್ಯುಲರ್ ನನ್ನ ಸಹಿಯಲ್ಲೇ ಹೋಯಿತು — ಸ್ಟೇಷನ್‌ಗಳಿಗೆ, ಡ್ರೈವರ್‌ಗಳ ಕೊಠಡಿಗೆ. ಮಧ್ಯಾಹ್ನದ ಪಾಳಿಯವನು ಬಂದು "ಮೇಡಂ, ನಿಮ್ಮ ಕೈಗೆ ಬಳೆ ತೊಡಿಸ್ಬೇಕು" ಎಂದ. ಚಿನ್ನದ್ದೇ ಇರಲಿ ಎಂದೆ.

ಬಹಳ ದಿನದ ಮೇಲೆ ಬಿಸಿ ಚಹಾ ಬಿಸಿಯಿರುವಾಗಲೇ ಕುಡಿದೆ.

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ 3

ಕುರ್ಚಿಯಿಂದ ಎಬ್ಬಿಸಿ ರೆಸ್ಟ್ ರೂಮಿನಲ್ಲಿ ಕೂರಿಸಿದ್ದಾರೆ. ಬ್ಯಾಗಿನಲ್ಲಿದ್ದ ಈ ಪುಸ್ತಕ ತೆಗೆದು ಬರೆಯುತ್ತಿದ್ದೇನೆ.

10.15 — ಭಾವನ ಗುಂಪಿಗೆ ಸೇತುವೆ ಪಕ್ಕದ ತಿರುವಿನಲ್ಲಿ ಇಪ್ಪತ್ತೈದು ನಿಮಿಷ ಕೊಟ್ಟೆ. ಗೂಡ್ಸ್ ಲೂಪಿನಲ್ಲಿ ಕಾಯುತ್ತಿತ್ತು. ಹಿಂದೆ ಎಕ್ಸ್‌ಪ್ರೆಸ್.
10.42 — ಭಾವನ ಕೂಗು. ಒಂದು.
ಕಾದೆ. ಅರ್ಧ ನಿಮಿಷ ಕಾದೆ. ಎರಡನೆಯದು ಬರಲಿಲ್ಲ. ರಿಜಿಸ್ಟರಿನಲ್ಲಿ "ಹಳಿ ತೆರವು" ಎಂದು ಬರೆದೆ. ನಂಬರ್ 47 — ಎಂದಿನಂತೆ ತಲೆಗೆ ಬಂದದ್ದು. ಗೂಡ್ಸಿಗೆ ದಾರಿ ಕೊಟ್ಟೆ.
10.51 — ಗೂಡ್ಸ್ ಡ್ರೈವರ್‌ನ ಎಮರ್ಜೆನ್ಸಿ ಕರೆ. ಎಲ್ಲರ ಮಾತನ್ನೂ ಕತ್ತರಿಸಿ ಯಂತ್ರ ಅವನಿಗೆ ಚಾನೆಲ್ ಕೊಟ್ಟಿತು. ಇಷ್ಟು ಸ್ಪಷ್ಟವಾಗಿ ಆ ಡ್ರೈವರ್‌ನ ಧ್ವನಿ ಹಿಂದೆಂದೂ ಕೇಳಿರಲಿಲ್ಲ. "ಮೇಡಂ, ಜನ ಇದ್ರು. ಹಳಿ ಮೇಲೆ ಜನ ಇದ್ರು."

ನಾಲ್ವರು ಹಾರಿಕೊಂಡರಂತೆ. ಹಳಿಯ ಕೆಳಗೆ ಜ್ಯಾಕ್ ಇತ್ತು. ಅದು ಅಲ್ಲೇ ಇದ್ದಿದ್ದರೆ ಗಾಡಿ ಸೇತುವೆಯ ಮೇಲೆ ಹಳಿ ತಪ್ಪುತ್ತಿತ್ತು. ಉದ್ದಣ್ಣ ಹಿಂದಕ್ಕೆ ಓಡಿ ಜ್ಯಾಕ್ ಎಳೆದು ಹಾಕಿದ. ತಾನು ಈಚೆ ಬರಲಿಕ್ಕೆ ಆಗಲಿಲ್ಲ. ಅವನನ್ನು ಹಿಡಿಯಲು ಹೋದ ಭಾವ ದಿಬ್ಬದಿಂದ ಉರುಳಿ ತೊಡೆ ಮೂಳೆ ಮುರಿದುಕೊಂಡಿದ್ದಾರೆ.

ಉದ್ದಣ್ಣ ಇಲ್ಲ.

ಮಾರ್ಚ್ 19, ಬುಧವಾರ

ಅವನನ್ನು ಕಳಿಸಿ ಬಂದೆವು. ಸ್ಟ್ರೆಚರ್ ಅವನಿಗೆ ಸಾಲಲಿಲ್ಲ. ಅಕ್ಕ ಅವನ ಹೆಂಡತಿಯನ್ನು ಹಿಡಿದುಕೊಂಡೇ ಇದ್ದಳು. ನಾನು ಹಿಂದೆ ನಿಂತಿದ್ದೆ, ಹತ್ತಿರ ಹೋಗಲಿಲ್ಲ.

ಮಾರ್ಚ್ 21, ಶುಕ್ರವಾರ

ವಿಚಾರಣೆ ಮುಗಿಯುವವರೆಗೆ ಪ್ಯಾನೆಲ್ ಇಲ್ಲ, ಕಾಗದದ ಕೆಲಸ. ಹನ್ನೊಂದಕ್ಕೆ ರೇಡಿಯೊ ಇಂಜಿನಿಯರ್ ಬಂದ. ಮುಖ ಸಪ್ಪೆ ಮಾಡಿಕೊಂಡು ಎರಡು ಮಾತು ಸಮಾಧಾನ ಹೇಳಿದ. ಆಮೇಲೆ ಫೈಲಿನಿಂದ ಒಂದು ಹಾಳೆ ತೆಗೆದ.

"ಇಂಥ ಹೊತ್ತಲ್ಲಿ ಹೇಳಬಾರದು ಮೇಡಂ, ಆದ್ರೂ ನೀವು ಕೇಳಿದ್ರಲ್ಲ ಅಂತ. ನಿಮ್ಮ ನಿಯಮದ ಮೊದಲ ವಾರದ ಲೆಕ್ಕ. ನಾನೂರು ಚಿಲ್ಲರೆ ಕರೆ ಉಳಿದಿದೆ. ಚೆನ್ನಾಗಿ ಕೆಲಸ ಮಾಡ್ತಿದೆ."

ಹಾಳೆಯಲ್ಲಿ ಸಾಲು ಸಾಲು. ಹ್ಯಾಂಡ್‌ಸೆಟ್, ಹೊತ್ತು, ಬಂದ ಕರೆ, ತೋರಿಸಿದ ಕರೆ. ಬೆರಳು ತಾನಾಗಿ ಹದಿನೆಂಟನೇ ತಾರೀಖಿಗೆ ಇಳಿಯಿತು.

ಭಾವನ ಸೆಟ್. 10:42:07. 10:42:19. ಬಂದದ್ದು ಎರಡು. ತೋರಿಸಿದ್ದು ಒಂದು.

"ಎಲ್ಲ ಸರಿ ಇದೆಯಲ್ಲ ಮೇಡಂ?" ಎಂದ. ಅವನಿಗೆ ಕೂಗು ಎಂದರೆ ಏನೆಂದು ಗೊತ್ತಿಲ್ಲ. ಅವನ ಕಣ್ಣಿಗೆ ಅದು ಉಳಿದ ಒಂದು ಕರೆ. ಸರಿ ಇದೆ ಎಂದೆ. ಸರ್ವರಿನಲ್ಲಿ ಜಾಗ ಕಡಿಮೆ, ಈ ಲೆಕ್ಕ ಮೂವತ್ತು ದಿನ ಇದ್ದು ತಾನೇ ಅಳಿಸಿಹೋಗುತ್ತದಂತೆ. ಬೇಕಿದ್ದರೆ ಪ್ರಿಂಟ್ ಇಟ್ಟುಕೊಳ್ಳಿ ಎಂದ.

ಹಾಳೆಯನ್ನು ಡ್ರಾಯರಿಗೆ ಸೇರಿಸಿದೆ.

ಎಲ್ಲಕ್ಕೂ ಹಾಕಿ ಎಂದವಳು ನಾನು. ಅವನು ಕೇಳಿದ್ದ.

ಮಾರ್ಚ್ 22, ಶನಿವಾರ

ತಲೆಯಲ್ಲಿ ಒಂದೇ ಓಡುತ್ತಿದೆ. ಕೂಗನ್ನು ತಿರುವುಮುರುವು ಇಟ್ಟಿದ್ದರೆ? ಒಂದು ಅಂದರೆ ತಡೀರಿ, ಎರಡು ಅಂದರೆ ಬಿಡಿ. ಆಗಲೂ ಯಂತ್ರ ಒಂದನ್ನು ನುಂಗುತ್ತಿತ್ತು. ಗಾಡಿ ಸುಮ್ಮನೆ ಹತ್ತು ನಿಮಿಷ ನಿಲ್ಲುತ್ತಿತ್ತು. ಡ್ರೈವರ್ ಬೈಯುತ್ತಿದ್ದ. ಅಷ್ಟೇ ಆಗುತ್ತಿತ್ತು.

ಹೆಚ್ಚಿನ ದಿನ ಕೆಲಸ ಹೊತ್ತಿಗೆ ಮುಗಿಯುತ್ತಿತ್ತು, ಅದಕ್ಕೇ ಯಾರೋ ಸುಲಭದ ಒಂದು ಕೂಗನ್ನು ಕೆಲಸ ಮುಗಿದದ್ದಕ್ಕೆ ಇಟ್ಟರು. ಬೆರಳಿನ ಒಂದು ಶ್ರಮ ಉಳಿಸಲು.

ಮಾರ್ಚ್ 24, ಸೋಮವಾರ

ಭಾವ ಆಸ್ಪತ್ರೆಯಿಂದ ಬಂದರು. ಮುಂದಿನ ಕೋಣೆಯಲ್ಲಿ ಮಂಚ. ಸೊಂಟದಿಂದ ಮೊಣಕಾಲಿನ ತನಕ ಪ್ಲಾಸ್ಟರ್. ಅಕ್ಕ ಔಷಧಿ ತರಲು ಹೊರಟದ್ದೇ ತಡ, ನನ್ನನ್ನು ಹತ್ತಿರ ಕರೆದರು.

"ನಿನಗೆ ಎಷ್ಟು ಕೂಗು ಬಂತು?"

ಹೇಳಬೇಕಿತ್ತು. ಬಾಯಿಯ ತುದಿಗೆ ಬಂದಿತ್ತು.

"ಒಂದು, ಭಾವ."

ಸುಳ್ಳಲ್ಲ. ನನಗೆ ಬಂದದ್ದು ಒಂದೇ.

"ಹಂಗಾದ್ರೆ ನಾನೇ. ಎರಡು ಕೊಟ್ಟೆ ಅಂತ ಅಂದ್ಕೊಂಡಿದ್ದೆ. ಆಣೆ ಇಟ್ಟು ಹೇಳ್ತಿದ್ದೆ, ಎರಡು ಅಂತ. ಬೆವರಿಗೆ ಬೆರಳು ಜಾರಿರ್ಬೇಕು." ಬಲಗೈ ಹೆಬ್ಬೆರಳನ್ನು ಎತ್ತಿ ನೋಡಿಕೊಂಡರು. "ನಾನೇ ಅವನನ್ನ ಕೊಂದೆ."

ಇಲ್ಲ ಭಾವ ಎಂದೆ. ಎಲ್ಲರೂ ಹೇಳುವ ಹಾಗೆ ಎಂದೆ. ಎಲ್ಲರೂ ಹೇಳುವ ಹಾಗೇ ಅವರೂ ಕೇಳಿಸಿಕೊಂಡರು.

ಮಾರ್ಚ್ 29, ಶನಿವಾರ

ಚೀಫ್ ಬಾಗಿಲು ಹಾಕಿಕೊಂಡು ಮಾತಾಡಿದರು. ವಿಚಾರಣೆ ಏಪ್ರಿಲ್ ಹದಿನೇಳಕ್ಕೆ. ಧ್ವನಿ ಮುದ್ರಿಸಿಡುವುದು ಡ್ರೈವರ್‌ಗಳ ಮಾತನ್ನು ಮಾತ್ರ. ಹಳಿಯವರ ಮಾತನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಉಳಿದದ್ದು ರಿಜಿಸ್ಟರ್, ಮೇಸ್ತ್ರಿಯ ಬಾಯಿ, ನನ್ನ ಬಾಯಿ.

"ನಿನ್ನ ರಿಜಿಸ್ಟರ್ ಅಚ್ಚುಕಟ್ಟಾಗಿದೆಯಮ್ಮ. ಅದರ ಮೇಲೆ ನಿಂತ್ಕೋ. ಕೂಗು ಗೀಗು ಅಂತ ಬಾಯಿ ಬಿಟ್ರೆ ನಲವತ್ತು ಜನರ ಅನ್ನಕ್ಕೆ ಕಲ್ಲು. ನನ್ನದೂ ಸೇರಿಸಿ. ಮೇಸ್ತ್ರಿ ತಾನೇ ತಪ್ಪು ಒಪ್ಕೋತಿದ್ದಾನಂತೆ. ನೀನು ಯಾಕೆ ಮೈಮೇಲೆ ಎಳ್ಕೋತೀಯ?"

ಡ್ರಾಯರಿನಲ್ಲಿ ಹಾಳೆ ಇದೆ ಎಂದು ಹೇಳಲಿಲ್ಲ. ಅವರಿಗೆ ಗೊತ್ತಿರುವುದು ಅರ್ಧ, ಕೂಗು. ಇಂಜಿನಿಯರ್‌ಗೆ ಗೊತ್ತಿರುವುದು ಇನ್ನರ್ಧ, ಬಂದ ಕರೆಯ ಲೆಕ್ಕ. ಎರಡನ್ನೂ ಸೇರಿಸಿ ನೋಡಬಲ್ಲವಳು ಈ ಲೋಕದಲ್ಲಿ ನಾನೊಬ್ಬಳೇ.

ಲೆಕ್ಕ ಹಾಕಿಕೊಂಡೆ, ನಾಚಿಕೆಯಿಲ್ಲದೆ. ಭಾವ ಸಸ್ಪೆಂಡ್. ನಾನೂ ಹೋದರೆ ಮನೆ ನಡೆಸುವವರಿಲ್ಲ. ಅಕ್ಕ ಬೀದಿಗೆ ಬೀಳುತ್ತಾಳೆ. ಆದ್ದರಿಂದ ನಾನು ಸುಮ್ಮನಿರುವುದೇ ಅಕ್ಕನಿಗೆ ಒಳ್ಳೆಯದು. ಎಷ್ಟು ಚೆನ್ನಾಗಿ ಕೂತುಕೊಂಡಿತು ಈ ಲೆಕ್ಕ. ಇಡೀ ಜೀವನ ಮಾಡಿದ್ದು ಇದನ್ನೇ ಅಲ್ಲವೇ — ಯಾರನ್ನು ಮುಂದೆ ಬಿಡುವುದು, ಯಾರನ್ನು ಪಕ್ಕಕ್ಕೆ ಹಾಕುವುದು.

ಏಪ್ರಿಲ್ 2, ಬುಧವಾರ

ಅಕ್ಕ ಭಾವನ ಜೊತೆ ಮಾತು ಬಿಟ್ಟಿದ್ದಾಳೆ. ತಟ್ಟೆ ಇಡುತ್ತಾಳೆ, ಮೈ ಒರೆಸುತ್ತಾಳೆ, ಬಾಯಿ ಇಲ್ಲ. ಇವತ್ತು ಬೆಳಿಗ್ಗೆ ಕಟ್ಟೆ ಒಡೆಯಿತು. ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದವಳು ಒಳಗೆ ಬಂದು ಮಂಚದ ಕಾಲಬುಡದಲ್ಲಿ ನಿಂತಳು.

"ಒಂದ್ ಗುಂಡಿ ಒತ್ತೋದು. ಇನ್ನೊಂದ್ ಸಲ ಒತ್ತೋದು. ಅಷ್ಟಕ್ಕೆ ನಿಮಗೇನ್ ಕೇಡಾಗಿತ್ತು? ದಿನಾ ಉದ್ದಣ್ಣನ ಹೆಂಡ್ತಿ ಮುಖ ನೋಡ್ಬೇಕಲ್ರೀ ನಾನು."

ಭಾವ "ಹೌದು" ಎಂದರು.

ನಾನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದೆ. ಆ ಹೊತ್ತಿಗೆ ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇನ್ನೊಂದು ಲೋಟ ಎತ್ತಿಕೊಂಡೆ.

ಏಪ್ರಿಲ್ 4, ಶುಕ್ರವಾರ

ಉದ್ದಣ್ಣನ ಹೆಂಡತಿ ಬಂದಿದ್ದಳು. ಭಾವನ ಮಂಚದ ಹತ್ತಿರ ನೆಲದ ಮೇಲೆ ಕೂತಳು. ಜಗಳಕ್ಕೆ ಬಂದಳೇನೋ ಎಂದುಕೊಂಡೆ.

"ನಿಮ್ಮನ್ನ ಬೈಯೋಕ್ ಬಂದಿಲ್ಲ ಅಣ್ಣ. ಒಂದೇ ಕೇಳೋಕ್ ಬಂದೆ. ಅವರು ಯಾಕೆ ವಾಪಸ್ ಹೋದ್ರು? ಎಲ್ಲಾರೂ ಹಾರ್ಕೊಂಡ್ರಲ್ಲ."

ಭಾವ ಜ್ಯಾಕ್ ವಿಷಯ ಹೇಳಿದರು. ಗಾಡಿ ಸೇತುವೆಯಿಂದ ಬೀಳುತ್ತಿತ್ತು, ಡ್ರೈವರ್ ಉಳಿಯುತ್ತಿರಲಿಲ್ಲ ಎಂದರು. ಎಲ್ಲ ಕೇಳಿ ತಲೆ ಆಡಿಸಿದಳು. "ಅವರಿಗೆ ಯಾವತ್ತೂ ಸಾಮಾನು ಬಿಟ್ಟು ಬರೋಕಾಗ್ತಿರ್ಲಿಲ್ಲ" ಎಂದಳು. ಹೋಗುವಾಗ ನನ್ನ ಭುಜ ಮುಟ್ಟಿ, "ನೀವೂ ಸೊರಗಿದ್ದೀರ, ಊಟ ಮಾಡಿ" ಎಂದಳು.

ಕೋಣೆಗೆ ಬಂದು ದಿಂಬು ಕಚ್ಚಿಕೊಂಡು ಅತ್ತೆ. ನನಗೆ ಅಳುವ ಹಕ್ಕೂ ಇಲ್ಲ.

ಏಪ್ರಿಲ್ 7, ಸೋಮವಾರ

ಇದಕ್ಕಿಂತ ಕೆಳಗೆ ಇಳಿಯಲಾರೆ ಎಂದುಕೊಂಡಿದ್ದೆ. ಇಳಿಯಬಹುದು.

ಭಾವ ಕರೆದರು. "ನೋಡು ಕಂಟ್ರೋಲಮ್ಮಾ." ಆವತ್ತಿನಿಂದ ಆ ಹೆಸರಿನಲ್ಲಿ ಕರೆದಿರಲಿಲ್ಲ. "ನೀನು ಕೂಗಿನ ಮೇಲೆ ಗಾಡಿ ಬಿಟ್ಟೆ ಅಂತ ಗೊತ್ತಾದ್ರೆ ನಿನ್ನ ಕೆಲಸ ಹೋಗುತ್ತೆ. ಕೇಸೂ ಹಾಕ್ತಾರೆ. ತಪ್ಪು ನಂದು. ನೀನ್ಯಾಕೆ ಸಾಯ್ಬೇಕು? ನಾನು ಬಾಯಲ್ಲೇ ಹೇಳ್ದೆ, ನಂಬರ್ ಕೊಟ್ಟೆ ಅಂತ ಬರೆದು ಕೊಡ್ತೀನಿ. ರಿಜಿಸ್ಟರ್‌ನಲ್ಲಿ ಎಷ್ಟು ಬರ್ದಿದ್ದೀಯ?"

ನಾನು ಅವರ ಹೊದಿಕೆ ಸರಿಮಾಡತೊಡಗಿದೆ.

"ಎಷ್ಟು ಹೇಳು. ಬಾಯಿಪಾಠ ಮಾಡ್ಕೋತೀನಿ. ತಡವರಿಸಿದ್ರೆ ಸಿಕ್ಕಿಬೀಳ್ತೀವಿ."

"ನಲವತ್ತೇಳು."

"ನಲವತ್ತೇಳು" ಎಂದರು. ಕಣ್ಣು ಮುಚ್ಚಿ ಇನ್ನೊಮ್ಮೆ ಎಂದರು. ಬಾಯಲ್ಲಿ ಹೇಳಿ, ನಂಬರ್ ಕೊಟ್ಟು, ಜನರನ್ನು ಹಳಿಯ ಮೇಲೇ ಇಟ್ಟುಕೊಂಡ ಮೇಸ್ತ್ರಿಗೆ ಜೈಲು ತಪ್ಪುವುದಿಲ್ಲ. ಅವರಿಗೂ ಅದು ಗೊತ್ತು.

ಏಪ್ರಿಲ್ 14, ಸೋಮವಾರ

ಒಂದು ವಾರ ಪುಸ್ತಕ ಮುಟ್ಟಲಿಲ್ಲ. ಬರೆದರೆ ಸತ್ಯ ಬರೆಯಬೇಕಾಗುತ್ತದೆ.

ಸತ್ಯ: ನಾನು ಹದಿನೇಳನೇ ತಾರೀಖಿಗಾಗಿ ಕಾಯುತ್ತಿದ್ದೇನೆ. ವಿಚಾರಣೆಗಾಗಿ ಅಲ್ಲ. ಅವತ್ತಿಗೆ ಮೂವತ್ತು ದಿನ. ಸರ್ವರ್ ಆ ಸಾಲನ್ನು ತಾನೇ ಅಳಿಸುತ್ತದೆ. ಆಮೇಲೆ ಉಳಿಯುವುದು ನನ್ನ ಡ್ರಾಯರಿನ ಹಾಳೆ. ಹಾಳೆ ಸುಡುವುದು ಎಷ್ಟು ಹೊತ್ತು?

ಹಾಗೆ ಒಮ್ಮೆಯೂ ಗಟ್ಟಿಯಾಗಿ ಯೋಚಿಸಲಿಲ್ಲ. ಆದರೆ ದಿನ ಎಣಿಸುತ್ತಿದ್ದೆ. ಎಣಿಸುತ್ತಿದ್ದೇನೆಂದು ಇವತ್ತು ಕ್ಯಾಲೆಂಡರ್ ಮುಂದೆ ನಿಂತಾಗ ಗೊತ್ತಾಯಿತು. ಬೆರಳು ಹದಿನೇಳರ ಮೇಲಿತ್ತು.

ಮುಂದಿನ ಕೋಣೆಯಿಂದ ಭಾವನ ದನಿ. ಯಾರೂ ಕೇಳುತ್ತಿಲ್ಲವೆಂದುಕೊಂಡು ಒಬ್ಬರೇ ಅಭ್ಯಾಸ ಮಾಡುತ್ತಿದ್ದಾರೆ. "ಹತ್ತು ನಲವತ್ತೆರಡಕ್ಕೆ ನಾನೇ ಬಾಯಾರೆ ಹೇಳಿದೆ ಸಾರ್. ನಂಬರ್ ನಲವತ್ತೇಳು."

ನಾನು ಮನುಷ್ಯಳೇ?

ಏಪ್ರಿಲ್ 16, ಬುಧವಾರ. ಸಂಜೆ 5

ಹೇಳಿದೆ.

ಮೂರು ಗಂಟೆಗೆ ಅಕ್ಕ ಉದ್ದಣ್ಣನ ಮನೆಗೆ ಹೋದಳು. ಹಾಳೆ ತಂದು ಭಾವನ ಎದೆಯ ಮೇಲೆ ಇಟ್ಟೆ. ಕನ್ನಡಕ ಕೊಟ್ಟೆ. ಸಾಲು ತೋರಿಸಿದೆ. ನನ್ನ ನೋಟ್, ಎಲ್ಲಕ್ಕೂ ಹಾಕಿ ಎಂದದ್ದು, ಸರ್ಕ್ಯುಲರ್ ನಿಮಗೆ ಬರಲಿಲ್ಲ, ಕೂಗು ನನ್ನ ನೆನಪಿಗೇ ಬರಲಿಲ್ಲ — ಒಂದೇ ಉಸಿರಿಗೆ. ನಿಂತರೆ ಮತ್ತೆ ಹೇಳಲಾರೆ ಎಂದು ಗೊತ್ತಿತ್ತು.

ಭಾವ ಸಾಲಿನ ಮೇಲೆ ಉಗುರಿಟ್ಟು ಓದಿದರು. "ಏಳು. ಹತ್ತೊಂಬತ್ತು."

"ಸೆಕೆಂಡು, ಭಾವ."

"ಹಂಗಾದ್ರೆ ನಾನು ಎರಡು ಕೊಟ್ಟಿದ್ದೆ."

"ಹೌದು."

"ಎರಡು ಕೊಟ್ಟಿದ್ದೆ" ಎಂದರು ಮತ್ತೆ. ಮುಖಕ್ಕೆ ಒಂದು ಕಳೆ ಬಂತು. ತಿಂಗಳಿಂದ ಆ ಮುಖದಲ್ಲಿ ಅದನ್ನು ಕಂಡಿರಲಿಲ್ಲ. ಇಷ್ಟೇ ಸಾಕು, ಇನ್ನು ನನ್ನನ್ನು ಏನು ಬೇಕಾದರೂ ಮಾಡಲಿ ಎನಿಸಿತು. ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

"ಸುಮ್ನೆ ಅಳ್ಬೇಡ. ನೀನು ಬೇಕಂತ ಮಾಡ್ದೋಳಲ್ಲ. ನಿನಗಾದ್ರೂ ಹೆಂಗೆ ಗೊತ್ತಾಗ್ಬೇಕು?" ಎಂದರು. ಹಾಳೆಯನ್ನು ಮಡಿಸಲು ಹೋದವರು ನಿಲ್ಲಿಸಿದರು. ಮೇಲಿನ ಮೂಲೆಯಲ್ಲಿ ಪ್ರಿಂಟ್ ಆದ ತಾರೀಖು ಇತ್ತು. "ಇದು ಮಾರ್ಚ್ ಇಪ್ಪತ್ತೊಂದು. ನಿನಗೆ ಯಾವತ್ತು ಸಿಕ್ತು?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಇವತ್ತು ಸಿಕ್ಕಿತು ಎನ್ನಬಹುದಿತ್ತು. ನಂಬುತ್ತಿದ್ದರು.

"ಅವತ್ತೇ."

"ನಾನು ಆಸ್ಪತ್ರೆಯಿಂದ ಬರೋಕ್ ಮುಂಚೆ."

"ಹೌದು ಭಾವ."

"ಎಷ್ಟು ಕೂಗು ಬಂತು ಅಂತ ನಾನು ಕೇಳ್ದಾಗ—"

"ಗೊತ್ತಿತ್ತು."

ತುಟಿ ಅಲ್ಲಾಡಿಸುತ್ತ ಎಣಿಸಿದರು. "ಇಪ್ಪತ್ತಾರು ದಿನ" ಎಂದರು. ಕೈ ಬಿಡಿಸಿಕೊಂಡರು. ಪ್ಲಾಸ್ಟರ್ ಇದ್ದದ್ದರಿಂದ ಮೈ ತಿರುಗಿಸಲಾಗಲಿಲ್ಲ, ಮುಖ ಮಾತ್ರ ಗೋಡೆಗೆ ತಿರುಗಿಸಿಕೊಂಡರು.

ಕೊಂದದ್ದನ್ನು ಕ್ಷಮಿಸಿದರು. ಇದನ್ನು ಕ್ಷಮಿಸಲಾಗಲಿಲ್ಲ. ಸರಿಯೇ ಇದೆ.

ಏಪ್ರಿಲ್ 17, ಗುರುವಾರ. ಬೆಳಿಗ್ಗೆ 7.20

ಹೇಳಿಕೆ ಬರೆದು ಮುಗಿಸಿದೆ. ನಾಲ್ಕು ಪುಟ. ಕೂಗು, ನೋಟ್, ಎಲ್ಲಕ್ಕೂ ಹಾಕಿ ಎಂದದ್ದು, ನಾನೇ ಕಟ್ಟಿದ ನಂಬರ್, ಇಪ್ಪತ್ತಾರು ದಿನ. ನಿನ್ನೆ ಆರಕ್ಕೆ ಇಂಜಿನಿಯರ್‌ಗೆ ಫೋನ್ ಮಾಡಿ ಆ ಸಾಲನ್ನು ಬೇರೆ ಕಡೆ ತೆಗೆದಿಡಿಸಿದ್ದೇನೆ. ಯಾಕೆಂದು ಕೇಳಿದ. ಹೇಳಿದೆ. ಅವನಿಗೂ ಇನ್ನು ನಿದ್ದೆ ಇಲ್ಲ.

ಚೀಫ್‌ಗೂ ಒಂದು ಪ್ರತಿ. ಬೈಯಲಿ.

ವಿಚಾರಣೆ ಹತ್ತಕ್ಕೆ. ಭಾವನನ್ನು ಕರೆದೊಯ್ಯುವ ವ್ಯಾನ್ ಒಂಬತ್ತಕ್ಕೆ ಬರುತ್ತದೆ. ಭಾವ ಆರರಿಂದಲೇ ಇಸ್ತ್ರಿ ಅಂಗಿ ಹಾಕಿ ದಿಂಬಿಗೆ ಒರಗಿ ಕೂತಿದ್ದಾರೆ. ನಲವತ್ತೇಳು ಎನ್ನುವುದು ನಿಂತಿದೆ. ನನ್ನ ಕಡೆ ನೋಡುವುದಿಲ್ಲ. ಚಹಾ ಇಟ್ಟು ಬಂದೆ, ಮುಟ್ಟಿಲ್ಲ. ಅಕ್ಕ ಆಮೇಲೆ ಇನ್ನೊಂದು ಲೋಟ ತಂದಿಟ್ಟಳು — ಇನ್ನೂ ಗಂಡನ ಮುಖ ನೋಡದೆ. ಅದನ್ನು ಕುಡಿದರು.

ಅಕ್ಕನಿಗೆ ಗೊತ್ತಿಲ್ಲ. ರಾತ್ರಿ ಭಾವ ಹೇಳುತ್ತಾರೆ ಎಂದುಕೊಂಡಿದ್ದೆ. ಇಬ್ಬರ ಮಾತೂ ಕೇಳಿಸಲಿಲ್ಲ. ಹೇಳಿಬಿಟ್ಟರೆ ಅವರ ಮೇಲಿನ ಅಕ್ಕನ ಮುನಿಸು ಕರಗುತ್ತದೆ. ಹೇಳಲಿ. ಅವರೇ ಹೇಳಲಿ. ಅಷ್ಟಾದರೂ ನನಗೆ ತಪ್ಪಲಿ.

ಮುಂದಿನ ಕೋಣೆಯಲ್ಲಿ ಈಗ ಮಾತು. ಅಕ್ಕನ ದನಿ. "ಇದೇನ್ರೀ ಇದು ಹಾಳೆ?" ಭಾವನದ್ದು ಕೇಳಿಸುವುದಿಲ್ಲ. ಮತ್ತೆ ಅಕ್ಕ. ಮತ್ತೆ ಸುಮ್ಮನೆ.

ಬಾಗಿಲಲ್ಲಿ ನಿಂತಿದ್ದಾಳೆ. ಕೈಯಲ್ಲಿ ಅದೇ ಹಾಳೆ, ತಲೆಕೆಳಗಾಗಿ ಹಿಡಿದಿದ್ದಾಳೆ.

"ಇದರಲ್ಲಿ ಏನಿದೆ ಅಂತ ಇವರು ಹೇಳಲ್ವಂತೆ" ಎನ್ನುತ್ತಾಳೆ. "ನೀನೇ ಹೇಳ್ಬೇಕಂತೆ. ಏನು ಹೇಳೇ?"

ಬರೆಯುವುದನ್ನು ಮುಂದುವರಿಸಿದರೆ ಇನ್ನೊಂದು ನಿಮಿಷ ಸಿಗುತ್ತದೆ. ಅವಳು ಕಾಯುತ್ತಿದ್ದಾಳೆ. ಮುಖದಲ್ಲಿ ಇನ್ನೂ ಏನೂ ಇಲ್ಲ, ನನ್ನ ಅಕ್ಕನ ಮುಖ ಅಷ್ಟೇ. ಪೆನ್ನು ಕೆಳಗಿಟ್ಟು ಅವಳನ್ನು ಮೊದಲು ಕೂರಿಸಿ—